ಯುದ್ಧ ಮಾಡಿದ್ದು ದೇಶ, ಅಂಗಳದಿಂದ ಹೊರಬಿದ್ದದ್ದು ಆಟಗಾರ: ಇದು ನ್ಯಾಯವೇ?

ಪ್ರಶ್ನೆ: ನಾವು ಮೂಲತಃ ಧಾರವಾಡದವರು. ಯಜಮಾನರ ಕೆಲಸದ ನಿಮಿತ್ತ ಒಂಬತ್ತು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ನೆಲೆಸಿದ್ದೇವೆ. ಹದಿನಾರು ವರ್ಷದ ಮಗ ಊರಿನ ಕ್ಲಬ್ಬಿನಲ್ಲಿ ಫೆನ್ಸಿಂಗ್, ಅಂದರೆ ಕತ್ತಿಯಾಟ, ಕಲಿಯುತ್ತಿದ್ದಾನೆ. 2022ರಲ್ಲಿ ತಾಯಿಯೊಂದಿಗೆ ಉಕ್ರೇನಿನಿಂದ ಬಂದ ಹುಡುಗಿಯೊಬ್ಬಳು ಅವನ ಜೊತೆ ಕಲಿಯುತ್ತಾಳೆ. ಈ ವರ್ಷ ರಷ್ಯಾದ ಪಾಸ್‌ಪೋರ್ಟ್ ಇರುವ ಹುಡುಗನೊಬ್ಬ ಅಲ್ಲಿಗೇ ಸೇರಿದ್ದಾನೆ. ಅವನೊಂದಿಗೆ ಆಡುವುದಿಲ್ಲ, ಕೈಯನ್ನೂ ಕುಲುಕುವುದಿಲ್ಲ ಎಂದು ಅವಳು ಹೇಳಿದ್ದಾಳೆ. ಅವನನ್ನು ಸೇರಿಸಿಕೊಂಡದ್ದೇ ತಪ್ಪು, ಯುರೋಪಿನಲ್ಲಿ ರಷ್ಯನ್ನರಿಗೆ ನಿಷೇಧವಿದೆ ಎಂಬುದು ಕೆಲವು ಪೋಷಕರ ವಾದ. ಮುಂದಿನ ತಿಂಗಳು ಪೋಷಕರ ಸಭೆಯಿದೆ. ಇತ್ತ ನಮ್ಮ ಕನ್ನಡ ಗೆಳೆಯರ ಮನೆಗಳಲ್ಲಿ ಇನ್ನೊಂದು ಜಗಳ: ರಷ್ಯಾಕ್ಕೆ ಒಂದು ನ್ಯಾಯ, ಇಸ್ರೇಲ್‌ಗೆ, ಅಮೆರಿಕಕ್ಕೆ ಇನ್ನೊಂದು ನ್ಯಾಯವೇ ಎಂದು. ಮಗ ಎಲ್ಲವನ್ನೂ ಕೇಳಿಸಿಕೊಂಡು, ‘ಅಮ್ಮಾ, ಅವನು ಏನು ತಪ್ಪು ಮಾಡಿದ?’ ಎನ್ನುತ್ತಾನೆ. ನಾನು ಏನು ಹೇಳಲಿ? ಸಭೆಯಲ್ಲಿ ಯಾವ ಕಡೆ ನಿಲ್ಲಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಣ್ಣೆದುರು ಬೆಳೆಯುತ್ತಿರುವ ಇಬ್ಬರು ಮಕ್ಕಳಲ್ಲಿ ಯಾರಿಗೂ ನೋವಾಗುವುದು ನಿಮಗೆ ಬೇಡ. ಆದರೆ ಸಭೆಯಲ್ಲಿ ಬಾಯಿ ಬಿಡಲೇಬೇಕು. ನಿಮ್ಮ ಸಂಕಟ ಇದು ಎಂದು ತಿಳಿದು ಉತ್ತರಿಸುತ್ತಿದ್ದೇನೆ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಾನು ಕ್ರೀಡಾಪಟುಗಳ ಪರವಾಗಿ ಮೇಲ್ಮನವಿಗಳನ್ನು ನಡೆಸುತ್ತಿದ್ದೇನೆ. ಆಯ್ಕೆಯ ತಕರಾರು, ವಯಸ್ಸಿನ ದಾಖಲೆ, ಅಮಾನತುಗೊಂಡ ಫೆಡರೇಷನ್ನುಗಳಿಂದ ಬೀದಿಗೆ ಬಿದ್ದವರ ಪ್ರಕರಣ, ಹೀಗೆ. ಅನ್ಯಾಯವಾಗಿದೆ ಎಂದು ಬಂದವರಿಗೆ ನಾನು ಮೊದಲು ಕೇಳುವುದು ಮೂರೇ ಮಾತು: ಹೊರಗಿಟ್ಟವರು ಯಾರು? ಯಾವ ನಿಯಮದ ಅಡಿಯಲ್ಲಿ? ಯಾವ ಅಂಗಳದಿಂದ? ನಿಮ್ಮ ಊರಿನ ಪೋಷಕರು ಮೂರನೆಯದನ್ನು ಕೇಳಿಕೊಂಡಿದ್ದರೆ ಈ ಗಲಾಟೆ ಇಲ್ಲಿಯವರೆಗೆ ಬರುತ್ತಿರಲಿಲ್ಲ.

ಯುರೋಪಿನಲ್ಲಿ ರಷ್ಯನ್ನರು ಆಡುವಂತಿಲ್ಲ ಎಂಬ ಮಾತು ತಪ್ಪು. 2022ರ ಫೆಬ್ರವರಿ 28ರಂದು ಫಿಫಾ ಮತ್ತು ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಅಮಾನತು ಮಾಡಿದ್ದು ರಷ್ಯಾದ ರಾಷ್ಟ್ರೀಯ ತಂಡಗಳನ್ನು ಮತ್ತು ಅಲ್ಲಿನ ಕ್ಲಬ್ಬುಗಳನ್ನು. ಆ ದೇಶದ ಪಾಸ್‌ಪೋರ್ಟ್ ಹಿಡಿದ ಆಟಗಾರರನ್ನಲ್ಲ. ಅಲೆಕ್ಸಾಂಡರ್ ಗೊಲೊವಿನ್ ಮೊನಾಕೊ ಪರ ಆಡುವುದನ್ನು ನಿಲ್ಲಿಸಲಿಲ್ಲ. ಗೋಲ್‌ಕೀಪರ್ ಮಾಟ್ವೆ ಸಫೊನೊವ್ ಯುದ್ಧ ನಡೆಯುತ್ತಿರುವಾಗಲೇ, 2024ರಲ್ಲಿ, ರಷ್ಯಾದ ಕ್ರಾಸ್ನೊಡಾರ್ ಕ್ಲಬ್ ಬಿಟ್ಟು ಪ್ಯಾರಿಸ್ಸಿನ ಪಿಎಸ್‌ಜಿ ಸೇರಿದರು. ದೇಶವನ್ನು ಪ್ರತಿನಿಧಿಸುವುದಕ್ಕೂ ವಾಸವಿರುವ ಊರಿನ ಕ್ಲಬ್ಬಿನಲ್ಲಿ ಆಡುವುದಕ್ಕೂ ಇರುವ ಅಂತರ ಇದು. ನಿಮ್ಮ ಮಗನ ಜೊತೆಗಿರುವ ಹುಡುಗ ರಷ್ಯಾವನ್ನು ಪ್ರತಿನಿಧಿಸುತ್ತಿಲ್ಲ, ತನ್ನ ಬೀದಿಯ ಕ್ಲಬ್ಬಿಗೆ ಕಲಿಯಲು ಬಂದಿದ್ದಾನೆ.

ಇನ್ನೊಂದು ಗೊಂದಲವೂ ಬಹಳ ಜನರಲ್ಲಿದೆ. 2021ರ ಟೋಕಿಯೊ ಕೂಟದಲ್ಲಿಯೂ ರಷ್ಯಾದ ಬಾವುಟ ಇರಲಿಲ್ಲವಲ್ಲ, ಅಂದರೆ ಯುರೋಪಿಗೆ ಮೊದಲಿನಿಂದಲೂ ಅವರ ಮೇಲೆ ಕಣ್ಣು ಎನ್ನುವವರನ್ನು ನೋಡಿದ್ದೇನೆ. ಅದು ಬೇರೆಯದೇ ಪ್ರಕರಣ. ಉದ್ದೀಪನ ಮದ್ದಿನ ಹಗರಣದಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅಂದರೆ ವಾಡಾ, ನಾಲ್ಕು ವರ್ಷದ ಶಿಕ್ಷೆ ವಿಧಿಸಿತ್ತು. ಲೌಸಾನ್ ನಗರದಲ್ಲಿರುವ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಇಳಿಸಿತು, 2022ರ ಡಿಸೆಂಬರಿನಲ್ಲಿ ಅವಧಿ ಮುಗಿಯಿತು. ಅಲ್ಲಿ ಆರೋಪವಿತ್ತು, ಸಾಕ್ಷ್ಯವಿತ್ತು, ವಾದ ಪ್ರತಿವಾದ ನಡೆದಿತ್ತು. ಯುದ್ಧದ ಕಾರಣಕ್ಕೆ ಬಂದ ನಿಷೇಧದ ಹುಟ್ಟು ಹೀಗಿಲ್ಲ, ನಿಮ್ಮ ಗೆಳೆಯರ ಜಗಳದ ಬೇರು ಇರುವುದು ಅದರಲ್ಲಿಯೇ.

ಆ ಒಂದು ವಾರದಲ್ಲಿ ಏನಾಯಿತು ಎಂಬುದನ್ನು ನಿಧಾನವಾಗಿ ನೋಡಬೇಕು. ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ಸರಿಯಾಗಿ ಒಂದು ತಿಂಗಳ ನಂತರ, ಮಾರ್ಚ್ 24ರಂದು, ಕತಾರ್ ವಿಶ್ವಕಪ್ಪಿನ ಅರ್ಹತೆಗಾಗಿ ರಷ್ಯಾ ಮತ್ತು ಪೋಲೆಂಡ್ ನಡುವೆ ಪ್ಲೇಆಫ್ ಪಂದ್ಯ ನಿಗದಿಯಾಗಿತ್ತು. ಅದರಲ್ಲಿ ಗೆದ್ದವರ ಮುಂದಿನ ಎದುರಾಳಿ ಸ್ವೀಡನ್ ಇಲ್ಲವೇ ಜೆಕ್ ಗಣರಾಜ್ಯ. ಈ ಮೂರೂ ದೇಶಗಳು ನಾವು ಆಡುವುದಿಲ್ಲ ಎಂದವು. ಫಿಫಾ ಮೊದಲು ಹೇಳಿದ್ದು ಇಷ್ಟೇ: ಬಾವುಟವಿಲ್ಲದೆ, ರಾಷ್ಟ್ರಗೀತೆಯಿಲ್ಲದೆ, ಬೇರೆ ಹೆಸರಿನಲ್ಲಿ, ತಟಸ್ಥ ಮೈದಾನದಲ್ಲಿ ರಷ್ಯಾ ಆಡಲಿ. ಹಾಗಾದರೂ ಆಡುವುದಿಲ್ಲ ಎಂದು ಪೋಲೆಂಡ್ ಹಟ ಹಿಡಿಯಿತು. ಮರುದಿನವೇ ಅಮಾನತಿನ ಆದೇಶ ಬಂತು.

ರಷ್ಯಾದ ಫುಟ್‌ಬಾಲ್ ಒಕ್ಕೂಟ ಮೇಲ್ಮನವಿ ಹೋಯಿತು. ಅದೇ ವರ್ಷ ಜುಲೈ 15ರಂದು ಕ್ರೀಡಾ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿತು. ಮಂಡಳಿ ಕೊಟ್ಟ ಕಾರಣವನ್ನು ನಿಮ್ಮ ಮಗನಿಗೆ ಓದಿ ಹೇಳಿ. ಈ ಯುದ್ಧಕ್ಕೆ ರಷ್ಯಾದ ತಂಡಗಳು, ಕ್ಲಬ್ಬುಗಳು, ಆಟಗಾರರು ಹೊಣೆಯಲ್ಲ, ಅವರಿಗೆ ಇಂಥ ಪೆಟ್ಟು ಬಿದ್ದದ್ದು ದುರದೃಷ್ಟಕರ, ಆದರೂ ಉಳಿದ ಜಗತ್ತಿಗೆ ಫುಟ್‌ಬಾಲ್ ಸುರಕ್ಷಿತವಾಗಿ, ಸುಸೂತ್ರವಾಗಿ ನಡೆಯಬೇಕಾದ ಅಗತ್ಯ ಅದಕ್ಕಿಂತ ಹೆಚ್ಚು ತೂಗುತ್ತದೆ ಎಂಬುದು ಅದರ ಸಾರ. ಅಂದರೆ, ‘ಅವನು ಏನು ತಪ್ಪು ಮಾಡಿದ?’ ಎಂಬ ನಿಮ್ಮ ಮಗನ ಪ್ರಶ್ನೆಗೆ ನ್ಯಾಯಮಂಡಳಿಯೇ ಉತ್ತರ ಕೊಟ್ಟಿದೆ: ಏನೂ ಮಾಡಿಲ್ಲ. ಇದು ಅಪರಾಧಕ್ಕೆ ಕೊಟ್ಟ ಶಿಕ್ಷೆಯಲ್ಲ, ಟೂರ್ನಿ ನಡೆಯಬೇಕೆಂದು ಮಾಡಿಕೊಂಡ ಏರ್ಪಾಡು. ಎದುರಾಳಿಗಳೇ ಮೈದಾನಕ್ಕೆ ಬರದಿದ್ದರೆ ಪಂದ್ಯ ನಡೆಯುವುದು ಹೇಗೆ?

ಕೇಳಿದರೆ ಸರಿಯೆನಿಸುತ್ತದೆ. ಈ ವೃತ್ತಿಯಲ್ಲಿ ಹಳೆಯ ಕಡತಗಳನ್ನು ತಿರುವಿ ಹಾಕಿರುವ ನನಗೆ ಅಷ್ಟಕ್ಕೆ ಸಮಾಧಾನವಾಗುವುದಿಲ್ಲ. ನಾವು ಆಡುವುದಿಲ್ಲ ಎಂದವರು ಹಿಂದೆಯೂ ಇದ್ದರು, ಅವರಿಗೆ ಆದದ್ದೇ ಬೇರೆ.

1973ರ ಸೆಪ್ಟೆಂಬರಿನಲ್ಲಿ ಚಿಲಿಯಲ್ಲಿ ಪಿನೊಚೆ ಸೇನಾ ದಂಗೆ ಮಾಡಿ ಅಧಿಕಾರ ಹಿಡಿದ. ರಾಜಧಾನಿ ಸ್ಯಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣವೇ ಬಂದೀಖಾನೆಯಾಯಿತು. ಜನರನ್ನು ಅಲ್ಲಿ ಕೂಡಿಹಾಕಿ ಹಿಂಸಿಸಿದರು. ಅದೇ ಕ್ರೀಡಾಂಗಣದಲ್ಲಿ ವಿಶ್ವಕಪ್ ಅರ್ಹತೆಯ ಪಂದ್ಯ ಆಡುವಂತೆ ಸೋವಿಯತ್ ಒಕ್ಕೂಟಕ್ಕೆ ಹೇಳಲಾಯಿತು. ಆ ನೆಲದಲ್ಲಿ ಆಡುವುದಿಲ್ಲ, ಬೇರೆ ದೇಶದಲ್ಲಿ ಇಡಿ ಎಂದು ಸೋವಿಯತ್ ಕೇಳಿತು. ಫಿಫಾ ಪ್ರತಿನಿಧಿಗಳು ಹೋಗಿ ನೋಡಿ ಎಲ್ಲವೂ ಸರಿಯಿದೆ ಎಂದರು. ನವೆಂಬರ್ 21ರಂದು ಚಿಲಿಯ ಆಟಗಾರರು ಎದುರಾಳಿಯೇ ಇಲ್ಲದ ಮೈದಾನದಲ್ಲಿ ಚೆಂಡನ್ನು ಒಯ್ದು ಖಾಲಿ ಗೋಲಿಗೆ ಹೊಡೆದರು. ಸೋವಿಯತ್ ತಂಡ ಹೊರಬಿತ್ತು. ಚಿಲಿ ಪಶ್ಚಿಮ ಜರ್ಮನಿಗೆ ವಿಶ್ವಕಪ್ ಆಡಲು ಬಂತು.

ಮರುವರ್ಷ ನಮ್ಮದೇ ಸರದಿ. 1974ರಲ್ಲಿ ಟೆನಿಸ್‌ನ ಡೇವಿಸ್ ಕಪ್ ಫೈನಲ್ಲಿಗೆ ಭಾರತ ತಲುಪಿತ್ತು, ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದ ನೀತಿಯ ಸರ್ಕಾರವಿರುವ ದೇಶದೊಂದಿಗೆ ಆಡುವುದಿಲ್ಲ ಎಂದು ಭಾರತ ಹಿಂದೆ ಸರಿಯಿತು. ಕಪ್ಪು ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ವಿಜಯ್ ಅಮೃತರಾಜ್, ಆನಂದ್ ಅಮೃತರಾಜ್ ಅವರಂಥ ಆಟಗಾರರು ಜೀವಮಾನದ ಒಂದು ಅವಕಾಶವನ್ನು ಬಿಟ್ಟುಕೊಟ್ಟರು. ಅದಕ್ಕೂ ಮೊದಲು, 1958ರ ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ, ಇಸ್ರೇಲ್ ವಿರುದ್ಧ ಆಡಲು ಒಪ್ಪದ ಸುಡಾನ್ ಮುಂತಾದ ದೇಶಗಳೇ ಹೊರಬಿದ್ದವು.

ಇವೆಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸುಡಾನ್, ಸೋವಿಯತ್, ಭಾರತ ಆಡುವುದಿಲ್ಲ ಎಂದಾಗ ದಂಡ ತೆತ್ತವರು ಹಾಗೆ ಹೇಳಿದವರು. 2022ರಲ್ಲಿ ಪೋಲೆಂಡ್, ಸ್ವೀಡನ್, ಜೆಕ್ ಅದೇ ಮಾತು ಹೇಳಿದಾಗ ದಂಡ ತೆತ್ತದ್ದು ಎದುರಿನವರು. ಪೋಲೆಂಡ್ ಆ ಪಂದ್ಯವನ್ನು ಆಡದೆಯೇ ಮುಂದಿನ ಸುತ್ತಿಗೆ ಹೋಗಿ, ಸ್ವೀಡನ್ನನ್ನು 2-0 ಗೋಲುಗಳಿಂದ ಸೋಲಿಸಿ ಕತಾರಿಗೆ ಹೋಯಿತು. ಪೋಲೆಂಡಿನ ನೈತಿಕ ನಿಲುವನ್ನು ನಾನು ಗೌರವಿಸುತ್ತೇನೆ. ಆದರೆ ಇಲ್ಲ ಎಂದವರ ಸಂಖ್ಯೆ, ಅವರ ಫುಟ್‌ಬಾಲಿನ ಬಲ, ಪ್ರಾಯೋಜಕರ ಒತ್ತಡ, ಇವೇ ತೀರ್ಪನ್ನು ಎತ್ತ ಬೇಕಾದರೂ ತಿರುಗಿಸಬಲ್ಲವಾದರೆ ಅಲ್ಲಿ ಅಳತೆಗೋಲು ಇಲ್ಲವೆಂದೇ ಅರ್ಥ. ಯುರೋಪಿನ ಕ್ರೀಡಾ ವ್ಯವಸ್ಥೆಯ ಬಗ್ಗೆ ನನ್ನ ದೂರು ಇದೊಂದೇ. ರಷ್ಯಾವನ್ನು ಹೊರಗಿಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಯಾವ ಕೃತ್ಯಕ್ಕೆ ಯಾರನ್ನು, ಎಷ್ಟು ಕಾಲ ಹೊರಗಿಡಬೇಕು ಎಂದು ಮೊದಲೇ ಬರೆದಿಡದಿರುವುದು ತಪ್ಪು.

ಈಗ ನಿಮ್ಮ ಗೆಳೆಯರ ಪ್ರಶ್ನೆ. 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ಯುದ್ಧ ಸಾರಿದವು. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಎರಡೂ ದೇಶಗಳು ಬಾವುಟ ಹಿಡಿದು ನಡೆದವು. ಇದಕ್ಕೆ ಸಮರ್ಥನೆ ಕೊಡಬೇಕೆಂದು ನೀವು ಒದ್ದಾಡಬೇಕಾಗಿಲ್ಲ. ಗೆಳೆಯರು ಹೇಳುವ ತಾರತಮ್ಯ ಇದೆ, ಒಪ್ಪಿಕೊಳ್ಳಿ. ಆದರೆ ಅವರು ಅಲ್ಲಿಂದ ನೆಗೆಯುವ ತೀರ್ಮಾನ, ಅಂದರೆ ಹಾಗಾದರೆ ಯಾರನ್ನೂ ಹೊರಗಿಡಬಾರದು ಎಂಬುದು, ತಾನಾಗಿ ಬರುವುದಿಲ್ಲ. ಒಂದು ಕಳ್ಳತನ ದಂಡವಿಲ್ಲದೆ ಹೋಯಿತೆಂದು ಎರಡನೆಯದನ್ನೂ ಬಿಡಬೇಕೆಂದು ಯಾವ ನ್ಯಾಯಾಲಯವೂ ಹೇಳುವುದಿಲ್ಲ.

ಇಸ್ರೇಲ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಅಲ್ಲಿ ಎರಡು ವಾದಗಳು ಕಲಸಿಹೋಗಿವೆ. ಗಾಜಾದಲ್ಲಿ ಆದ ಸಾವುನೋವಿಗಾಗಿ ಇಸ್ರೇಲನ್ನು ಹೊರಗಿಡಿ ಎಂಬುದು ಒಂದು. ರಷ್ಯಾ ನೆರೆಯ ದೇಶವನ್ನು ನುಂಗಲು ಹೊರಟಿತು, ಇಸ್ರೇಲಿನ ಯುದ್ಧ 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಆರಂಭವಾದದ್ದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂದು ಇದಕ್ಕೆ ಎದುರು ಹೇಳುವವರಿದ್ದಾರೆ. ಆ ಚರ್ಚೆ ಊಟದ ಮೇಜಿನಲ್ಲಿ ತೀರುವಂಥದ್ದಲ್ಲ. 2025ರ ಸೆಪ್ಟೆಂಬರಿನಲ್ಲಿ ಸ್ಪೇನಿನ ವುಯೆಲ್ತಾ ಸೈಕಲ್ ರೇಸಿನಲ್ಲಿ ಇಸ್ರೇಲ್ ಹೆಸರಿನ ತಂಡದ ವಿರುದ್ಧ ಜನ ರಸ್ತೆಗಿಳಿದು, ಮ್ಯಾಡ್ರಿಡ್‌ನ ಕೊನೆಯ ಹಂತವನ್ನೇ ರದ್ದು ಮಾಡಬೇಕಾಯಿತು. ಪ್ರಧಾನಿ ಪೆಡ್ರೊ ಸಾಂಚೆಜ್ ಅವರೇ ರಷ್ಯಾದಂತೆ ಇಸ್ರೇಲನ್ನೂ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ದೂರವಿಡಬೇಕೆಂದರು.

ಎರಡನೆಯ ವಾದ ಕಡಿಮೆ ಸದ್ದು ಮಾಡುತ್ತದೆ. ವಕೀಲನ ಕಣ್ಣಿಗೆ ಅದೇ ಗಟ್ಟಿಯಾದದ್ದು. ಒಂದು ದೇಶದ ಕ್ರೀಡಾ ಒಕ್ಕೂಟ ಇನ್ನೊಂದರ ನೆಲದಲ್ಲಿ, ಅದರ ಒಪ್ಪಿಗೆಯಿಲ್ಲದೆ, ತನ್ನ ಲೀಗ್ ನಡೆಸಬಾರದು ಎಂಬುದು ಬರೆದಿಟ್ಟ ನಿಯಮ. ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ವಶಪಡಿಸಿಕೊಂಡ ಬಳಿಕ ಅಲ್ಲಿನ ಕ್ಲಬ್ಬುಗಳು ರಷ್ಯಾದ ಲೀಗಿನಲ್ಲಿ ಆಡತೊಡಗಿದಾಗ, 2014ರ ಕೊನೆಯಲ್ಲಿ ಯುಇಎಫ್‌ಎ ಅದನ್ನು ತಡೆಯಿತು. 2023ರ ಅಕ್ಟೋಬರ್ 12ರಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಅಂದರೆ ಐಒಸಿ, ರಷ್ಯಾದ ಒಲಿಂಪಿಕ್ ಸಮಿತಿಯನ್ನು ಅಮಾನತು ಮಾಡಿದ್ದೂ ಇದೇ ಕಾರಣಕ್ಕೆ: ಉಕ್ರೇನಿನ ಡೊನೆಟ್ಸ್ಕ್, ಲುಹಾನ್ಸ್ಕ್, ಖೆರ್ಸಾನ್, ಝಪೊರಿಝಿಯಾ ಪ್ರಾಂತ್ಯಗಳ ಕ್ರೀಡಾ ಸಂಸ್ಥೆಗಳನ್ನು ಅದು ತನ್ನೊಳಗೆ ಸೇರಿಸಿಕೊಂಡಿತ್ತು. ಹಾಗಿದ್ದರೆ ಪಶ್ಚಿಮ ದಂಡೆಯ ಇಸ್ರೇಲಿ ವಸಾಹತುಗಳಲ್ಲಿರುವ ಕ್ಲಬ್ಬುಗಳು ಇಸ್ರೇಲಿನ ಲೀಗಿನಲ್ಲಿ ಆಡಬಹುದೇ? 2017ರಲ್ಲಿ ಈ ಪ್ರಶ್ನೆ ಬಂದಾಗ ಫಿಫಾ ತಾನು ತಟಸ್ಥ, ಆ ಭೂಮಿಯ ಅಂತಿಮ ಸ್ಥಾನಮಾನ ತನ್ನ ವ್ಯಾಪ್ತಿಯದಲ್ಲ ಎಂದು ಕೈತೊಳೆದುಕೊಂಡಿತು. ಪ್ಯಾಲೆಸ್ಟೀನ್ ಫುಟ್‌ಬಾಲ್ ಸಂಸ್ಥೆ 1998ರಿಂದ ಫಿಫಾದ ಪೂರ್ಣ ಸದಸ್ಯ ಎಂಬುದನ್ನು ಮರೆಯಬಾರದು. 2025ರ ನವೆಂಬರಿನಲ್ಲಿ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಸದಸ್ಯರು 74ಕ್ಕೆ 7 ಮತಗಳಿಂದ ಇಸ್ರೇಲನ್ನು ಅಮಾನತು ಮಾಡುವಂತೆ ಯುಇಎಫ್‌ಎಯನ್ನು ಕೇಳಬೇಕೆಂದು ನಿರ್ಣಯಿಸಿದಾಗ, ಅವರು ಮುಂದಿಟ್ಟ ಆಧಾರಗಳಲ್ಲಿ ಈ ನಿಯಮವೂ ಒಂದು. ಸೇನೆಯ ಬಗ್ಗೆ ತೀರ್ಪು ಕೊಡುವ ಶಕ್ತಿ ಕ್ರೀಡಾ ಸಂಸ್ಥೆಗಳಿಗೆ ಇಲ್ಲದಿರಬಹುದು. ಲೀಗ್ ಯಾರ ನೆಲದಲ್ಲಿ ನಡೆಯುತ್ತಿದೆ ಎಂದು ನೋಡಲು ಸೇನಾ ತಜ್ಞರು ಬೇಕಿಲ್ಲ. ಕ್ರಿಮಿಯಾದಲ್ಲಿ ಅನ್ವಯಿಸಿದ್ದನ್ನು ಪಶ್ಚಿಮ ದಂಡೆಯಲ್ಲಿ ಬಿಟ್ಟದ್ದಕ್ಕೆ ಒಪ್ಪುವಂಥ ಉತ್ತರ ನನಗೆ ಸಿಕ್ಕಿಲ್ಲ. ನಿಮ್ಮ ಗೆಳೆಯರು ತಾರತಮ್ಯ ಎಂದು ವಾದಿಸುವುದಾದರೆ ಇರಾಕನ್ನು ಬಿಟ್ಟು ಇದನ್ನು ಹಿಡಿಯಲಿ.

ತಂಡದ ಮಾತು ಇಷ್ಟಾಯಿತು. ಒಬ್ಬೊಬ್ಬ ಆಟಗಾರನ ವಿಷಯಕ್ಕೆ ಬಂದರೆ ನನ್ನ ನಿಲುವು ಬಿಗಿಯಾಗುತ್ತದೆ. ಯುದ್ಧ ಶುರುವಾದ ಮರುದಿನ ದುಬೈನಲ್ಲಿ ಸೆಮಿಫೈನಲ್ ಗೆದ್ದ ರಷ್ಯಾದ ಟೆನಿಸ್ ಆಟಗಾರ ಆಂಡ್ರೆ ರುಬ್ಲೆವ್ ಕ್ಯಾಮೆರಾದ ಗಾಜಿನ ಮೇಲೆ ‘ದಯವಿಟ್ಟು ಯುದ್ಧ ಬೇಡ’ ಎಂದು ಬರೆದರು. ಅದರ ಮುಂದಿನ ವಾರ ದೋಹಾದಲ್ಲಿ ರಷ್ಯಾದ ಜಿಮ್ನಾಸ್ಟ್ ಇವಾನ್ ಕುಲಿಯಾಕ್, ಚಿನ್ನ ಗೆದ್ದ ಉಕ್ರೇನಿನ ಇಲಿಯಾ ಕೊವ್ತುನ್ ಪಕ್ಕದಲ್ಲಿ, ಎದೆಯ ಮೇಲೆ ರಷ್ಯಾ ಸೇನೆಯ ಗುರುತಾದ ‘ಝಡ್’ ಅಕ್ಷರ ಅಂಟಿಸಿಕೊಂಡು ಪದಕ ವೇದಿಕೆ ಹತ್ತಿದ. ಕುಲಿಯಾಕ್‌ಗೆ ಒಂದು ವರ್ಷದ ನಿಷೇಧ ಬಂತು, ಅದು ಅವನೇ ಮಾಡಿದ್ದಕ್ಕೆ ಬಂದ ಶಿಕ್ಷೆ. ರುಬ್ಲೆವ್? ಆ ವರ್ಷ ವಿಂಬಲ್ಡನ್ ರಷ್ಯಾ ಮತ್ತು ಯುದ್ಧದಲ್ಲಿ ಅದಕ್ಕೆ ನೆರವಾದ ಬೆಲಾರಸ್‌ನ ಎಲ್ಲ ಆಟಗಾರರಿಗೂ ಬಾಗಿಲು ಮುಚ್ಚಿತು, ಅವರಿಗೂ ಸೇರಿ. ಪುರುಷ ಮತ್ತು ಮಹಿಳಾ ಟೆನಿಸ್ ಸಂಸ್ಥೆಗಳು ಪ್ರತಿಭಟಿಸಿ ಆ ಟೂರ್ನಿಗೆ ರ‍್ಯಾಂಕಿಂಗ್ ಅಂಕಗಳನ್ನೇ ಕೊಡಲಿಲ್ಲ. ಮಹಿಳೆಯರ ಪ್ರಶಸ್ತಿ ಗೆದ್ದವರು ಮಾಸ್ಕೊದಲ್ಲಿ ಹುಟ್ಟಿ ಬೆಳೆದು, 2018ರಿಂದ ಕಜಕಸ್ತಾನದ ಪರ ಆಡುತ್ತಿದ್ದ ಎಲೆನಾ ರಿಬಾಕಿನಾ. ಪಾಸ್‌ಪೋರ್ಟಿನಿಂದ ಮನುಷ್ಯನನ್ನು ಅಳೆಯಲು ಹೊರಟರೆ ಎಂಥ ಫಲಿತಾಂಶ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನಾನು ಹುಡುಕುವುದಿಲ್ಲ. 2023ರಲ್ಲಿ ವಿಂಬಲ್ಡನ್ ಆ ನಿಷೇಧವನ್ನು ಹಿಂದಕ್ಕೆ ಪಡೆದು, ತಟಸ್ಥರಾಗಿ ಆಡಲು ಒಪ್ಪಿ ಸಹಿ ಹಾಕಿದವರನ್ನು ಒಳಬಿಟ್ಟಿತು.

ಚದುರಂಗದವರು ಈ ವಿಷಯದಲ್ಲಿ ಹೆಚ್ಚು ವಿವೇಕ ತೋರಿದರು ಎಂಬುದು ನನ್ನ ಅಭಿಪ್ರಾಯ. ರಷ್ಯಾದ ಆಟಗಾರರು ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ಬಾವುಟದಡಿ ಆಡಬಹುದೆಂದರು. ಯುದ್ಧವನ್ನು ಬಹಿರಂಗವಾಗಿ ಹೊಗಳಿದ ಸೆರ್ಗೈ ಕರ್ಯಾಕಿನ್ ಅವರನ್ನು ಮಾತ್ರ ಆರು ತಿಂಗಳು ಹೊರಗಿಟ್ಟರು. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಅವರು ಕಳೆದುಕೊಂಡ ಸ್ಥಾನ ಚೀನಾದ ಡಿಂಗ್ ಲಿರೆನ್‌ಗೆ ಸಿಕ್ಕಿತು. ಡಿಂಗ್ ಅಲ್ಲಿ ಎರಡನೆಯವರಾದರು, ಆಗಿನ ಚಾಂಪಿಯನ್ ಕಾರ್ಲ್‌ಸನ್ ಕಿರೀಟವನ್ನು ಬಿಟ್ಟುಕೊಟ್ಟಿದ್ದರಿಂದ 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಅವರನ್ನೇ 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಮ್ಮ ಗುಕೇಶ್ ಸೋಲಿಸಿದರು. ಮಾಸ್ಕೊದಲ್ಲಿ ನಡೆಯಬೇಕಿದ್ದ 2022ರ ಚೆಸ್ ಒಲಿಂಪಿಯಾಡ್ ಚೆನ್ನೈಗೆ ಬಂದದ್ದೂ ಇದೇ ಯುದ್ಧದಿಂದ. ಯುರೋಪಿನ ಈ ಜಗಳ ನಮ್ಮಿಂದ ದೂರದ್ದೇನಲ್ಲ.

ಬಾವುಟವಿಲ್ಲದೆ ಆಡುವುದೂ ನಮಗೆ ಹೊಸದಲ್ಲ. ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತುಗೊಂಡಿದ್ದಾಗ, 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಶಿವ ಕೇಶವನ್ ಮತ್ತಿಬ್ಬರು ಒಲಿಂಪಿಕ್ ಬಾವುಟದ ಹಿಂದೆ ನಡೆದರು. 2023ರಲ್ಲಿ ಅಂತಿಮ್ ಪಂಘಾಲ್ ಬೆಲ್‌ಗ್ರೇಡ್‌ನಲ್ಲಿ ವಿಶ್ವ ಕುಸ್ತಿಯ ಕಂಚು ಗೆದ್ದಾಗ, ನಮ್ಮ ಕುಸ್ತಿ ಫೆಡರೇಷನ್ ಅಮಾನತಾಗಿದ್ದರಿಂದ, ಹೆಸರಿನ ಪಕ್ಕದಲ್ಲಿ ಭಾರತ ಎಂದಿರಲಿಲ್ಲ. ಅಲ್ಲೂ ಆಟಗಾರರು ತೆತ್ತದ್ದು ಬೇರೆಯವರ ತಪ್ಪಿಗೆ ದಂಡ. ಇಂಥದ್ದೇ ಒಂದು ಅಮಾನತಿನಿಂದ ಒಂದಿಡೀ ವರ್ಷ ಕಳೆದುಕೊಂಡ ಹುಡುಗನೊಬ್ಬ ನನ್ನ ಕಚೇರಿಯಲ್ಲಿ ಕುಳಿತು, ‘ಮುಂದಿನ ವರ್ಷಕ್ಕೆ ನನಗೆ ವಯಸ್ಸು ಮೀರುತ್ತದೆ ಸರ್’ ಎಂದದ್ದು ಇಂದಿಗೂ ಕಿವಿಯಲ್ಲಿದೆ. ಕೊನೆಗೆ ಮೇಲ್ಮನವಿ ಗೆದ್ದೆವು, ಆ ವರ್ಷವನ್ನು ಯಾರೂ ಅವನಿಗೆ ಹಿಂದಿರುಗಿಸಲಿಲ್ಲ.

ಹಾಗಾದರೆ ಯಾವ ದಾರಿ? ಎಲ್ಲರನ್ನೂ ಪೂರ್ತಿ ಹೊರಗಿಡುವುದು ಒಂದು. ದಕ್ಷಿಣ ಆಫ್ರಿಕಾವನ್ನು ಒಲಿಂಪಿಕ್ಸ್‌ನಿಂದ 1964ರಿಂದ 1992ರವರೆಗೆ ದೂರವಿಟ್ಟರು. ಅಲ್ಲಿ ಬಿಳಿಯರಲ್ಲದವರಿಗೆ ದೇಶದ ತಂಡದಲ್ಲಿ ಜಾಗವೇ ಇರಲಿಲ್ಲ, ಅನ್ಯಾಯ ಕ್ರೀಡೆಯ ಒಳಗೇ ಇತ್ತು. ಆದ್ದರಿಂದ ಆ ನಿಷೇಧಕ್ಕೆ ಇದ್ದ ನೈತಿಕ ಬಲವೇ ಬೇರೆ. ಯುದ್ಧಕ್ಕೆ ಅದನ್ನೇ ಬಳಸಿದರೆ ರುಬ್ಲೆವ್‌ನಂಥವರು ಕುಲಿಯಾಕ್‌ನಂಥವರ ಜೊತೆ ನರಳುತ್ತಾರೆ. ಯಾರನ್ನೂ ಹೊರಗಿಡದೆ ಎಲ್ಲ ಬಾವುಟಗಳಿಗೂ ಜಾಗ ಕೊಡುವುದು ಇನ್ನೊಂದು. ಅದರ ಅಪಾಯವೆಂದರೆ ಪದಕ ವೇದಿಕೆ ಪ್ರಚಾರದ ವೇದಿಕೆಯಾಗುತ್ತದೆ, ಮನೆ ಸುಟ್ಟವರ ರಾಷ್ಟ್ರಗೀತೆಗೆ ಮನೆ ಕಳೆದುಕೊಂಡವರು ಎದ್ದು ನಿಲ್ಲಬೇಕಾಗುತ್ತದೆ.

ಮೂರನೆಯದು ನಡುದಾರಿ: ತಂಡಕ್ಕೆ ಬೇಡ, ಬಾವುಟಕ್ಕೆ ಬೇಡ, ವ್ಯಕ್ತಿಗೆ ಷರತ್ತಿನ ಮೇಲೆ ಅವಕಾಶ. 1992ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಯುಗೊಸ್ಲಾವಿಯಾದ ಮೇಲೆ ಹೇರಿದ ನಿರ್ಬಂಧಗಳಲ್ಲಿ ಕ್ರೀಡೆಯೂ ಇತ್ತು. ಯುರೋ ಕಪ್‌ನಿಂದ ಅದರ ತಂಡ ಹೊರಬಿತ್ತು, ಕೊನೆಯ ಗಳಿಗೆಯಲ್ಲಿ ಬದಲಿಗೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು. ಆದರೆ ಅದೇ ಬೇಸಿಗೆಯ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾದವರು ವೈಯಕ್ತಿಕವಾಗಿ ಸ್ಪರ್ಧಿಸಿ ಶೂಟಿಂಗ್‌ನಲ್ಲಿ ಮೂರು ಪದಕ ಪಡೆದರು. ಪ್ಯಾರಿಸ್ 2024ರಲ್ಲಿ ಐಒಸಿ ಇದನ್ನೇ ಬಿಗಿಗೊಳಿಸಿತು: ಯುದ್ಧವನ್ನು ಸಕ್ರಿಯವಾಗಿ ಬೆಂಬಲಿಸಿರಬಾರದು, ಸೇನೆ ಅಥವಾ ಭದ್ರತಾ ಸಂಸ್ಥೆಗಳೊಂದಿಗೆ ಒಪ್ಪಂದ ಇರಬಾರದು. ಕೊನೆಗೆ ಆಡಿದ್ದು 15 ಮಂದಿ ರಷ್ಯನ್ನರು, 17 ಮಂದಿ ಬೆಲಾರಸ್‌ನವರು. ನಾನು ಈ ದಾರಿಯ ಪರ. ಅದರ ದೋಷವನ್ನು ಬಲ್ಲೆ: ರಷ್ಯಾದಲ್ಲಿ ಅನೇಕ ಕ್ರೀಡಾಪಟುಗಳ ಸಂಬಳವೇ ಸೇನೆಯ ಕ್ಲಬ್ಬಿನಿಂದ ಬರುತ್ತದೆ, ಮನಸ್ಸಿನಲ್ಲಿ ಯುದ್ಧ ವಿರೋಧಿಸಿದರೂ ಬಾಯಿ ಬಿಟ್ಟರೆ ಜೈಲು. ಅಂಥವರಿಂದ ‘ಯುದ್ಧ ತಪ್ಪು’ ಎಂಬ ಹೇಳಿಕೆ ಬರೆಸಿಕೊಳ್ಳಬೇಕು ಎನ್ನುವವರು ಅಲ್ಲಿ ಉಳಿದ ತಂದೆತಾಯಿಗಳ ಬಗ್ಗೆ ಯೋಚಿಸಿಲ್ಲ. ಮಾಡಿದ್ದಕ್ಕೆ ಶಿಕ್ಷೆ ಇರಲಿ, ಸುಮ್ಮನಿದ್ದದ್ದಕ್ಕೆ ಬೇಡ.

ಇನ್ನು ನಿಮ್ಮ ಕ್ಲಬ್. ಆ ಹುಡುಗಿಯ ನಡೆಗೆ ನಿಮ್ಮ ಮಗ ಕಲಿಯುವ ಆಟದಲ್ಲಿಯೇ ಒಂದು ಕಥೆಯಿದೆ. 2023ರ ಜುಲೈನಲ್ಲಿ ಮಿಲಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಕ್ರೇನಿನ ಓಲ್ಹಾ ಖಾರ್ಲಾನ್ ತಟಸ್ಥ ಸ್ಪರ್ಧಿಯಾಗಿ ಬಂದ ರಷ್ಯಾದ ಅನ್ನಾ ಸ್ಮಿರ್ನೊವಾ ಅವರನ್ನು 15-7ರಿಂದ ಸೋಲಿಸಿದರು. ಪಂದ್ಯದ ನಂತರ ಕೈಕುಲುಕಲು ಒಪ್ಪದೆ, ಕತ್ತಿಯ ತುದಿಯನ್ನು ಮುಂದೆ ಚಾಚಿದರು. ಕೈಕುಲುಕುವುದು ನಿಯಮವಾಗಿತ್ತು, ಖಾರ್ಲಾನ್ ಅನರ್ಹರಾದರು. ಆಗ ಐಒಸಿ ಅಧ್ಯಕ್ಷರಾಗಿದ್ದ ಥಾಮಸ್ ಬಾಖ್ ಸ್ವತಃ ಫೆನ್ಸಿಂಗ್‌ನಲ್ಲಿ 1976ರ ಒಲಿಂಪಿಕ್ ಚಿನ್ನ ಗೆದ್ದವರು, ನಿಮ್ಮ ರಾಜ್ಯದ ಟಾಬರ್‌ಬಿಷೊಫ್ಸ್‌ಹೈಮ್ ಊರಿನಲ್ಲಿ ಬೆಳೆದವರು. ಅವರು ಖಾರ್ಲಾನ್‌ಗೆ ಪತ್ರ ಬರೆದು, ಅರ್ಹತೆ ಸಿಗದಿದ್ದರೂ ಪ್ಯಾರಿಸ್‌ನಲ್ಲಿ ಸ್ಥಾನ ಕೊಡುವುದಾಗಿ ಭರವಸೆ ಕೊಟ್ಟರು. ಅಲ್ಲಿ ಆಕೆ ಗೆದ್ದ ಕಂಚು ಆ ಕೂಟದಲ್ಲಿ ಉಕ್ರೇನಿನ ಮೊದಲ ಪದಕ, ಆಮೇಲೆ ತಂಡದ ಚಿನ್ನವೂ ಬಂತು. ಖಾರ್ಲಾನ್ ಪಂದ್ಯ ಬಿಟ್ಟು ಓಡಲಿಲ್ಲ. ತನ್ನ ಕೈ ತನ್ನದು ಎಂದಷ್ಟೇ ಹೇಳಿದರು.

ಸಭೆಯಲ್ಲಿ ನೀವು ಕೇಳಬಹುದಾದದ್ದು ಇದು. ಹುಡುಗನ ಸದಸ್ಯತ್ವವನ್ನು ಮತಕ್ಕೆ ಹಾಕಬೇಡಿ ಎಂದು ಮೊದಲೇ ಹೇಳಿ. ಅಂತರರಾಷ್ಟ್ರೀಯ ನಿಷೇಧ ಊರಿನ ಕ್ಲಬ್ಬಿಗೆ ಅನ್ವಯಿಸುವುದಿಲ್ಲ. ಹುಟ್ಟಿನ ದೇಶದ ಕಾರಣಕ್ಕೆ ಮಗುವೊಂದನ್ನು ಹೊರಹಾಕಿದರೆ ಕ್ಲಬ್ಬೇ ಕಾನೂನಿನ ತೊಂದರೆಗೆ ಸಿಲುಕಬಹುದು, ಅಲ್ಲಿನ ವಕೀಲರೊಬ್ಬರ ಮಾತು ಕೇಳಿ ಮುಂದುವರಿಯಲಿ. ಹಾಗೆಯೇ ಹುಡುಗಿಯನ್ನು ಅವನ ಎದುರು ನಿಲ್ಲುವಂತೆ ಯಾರೂ ಒತ್ತಾಯಿಸಬಾರದು. ಅಭ್ಯಾಸದಲ್ಲಿ ಜೋಡಿ ಮಾಡುವುದು ತರಬೇತುದಾರರ ಕೈಯಲ್ಲಿದೆ, ಕೆಲವು ತಿಂಗಳು ಅವರಿಬ್ಬರನ್ನು ಬೇರೆ ಬೇರೆ ಜೋಡಿಗಳಲ್ಲಿ ಇಡುವುದು ಕಷ್ಟವಲ್ಲ. ಕೈಕುಲುಕುವ ಬದಲು ಕತ್ತಿ ಎತ್ತಿ ವಂದಿಸುವುದು ಕ್ಲಬ್ಬಿನೊಳಗೆ ಎಲ್ಲ ಮಕ್ಕಳಿಗೂ ಸಾಕು ಎಂದು ನಿರ್ಧರಿಸಿದರೆ ಅವಳೊಬ್ಬಳೇ ಬೇರೆಯಾಗಿ ಕಾಣುವುದಿಲ್ಲ. ಇದರಲ್ಲೂ ಒಂದು ಅಪಾಯವಿದೆ: ದೂರವಿಡುವುದೇ ಅಭ್ಯಾಸವಾಗಿ, ಹುಡುಗನ ಜೊತೆ ಉಳಿದ ಮಕ್ಕಳೂ ಸೇರದೆ ಹೋಗಬಹುದು. ಅದಕ್ಕೆ ನಿಮ್ಮ ಮಗ ಬೇಕು. ಅಭ್ಯಾಸದ ದಿನ ಮೊದಲ ಜೋಡಿಗೆ ಅವನೇ ಆ ಹುಡುಗನನ್ನು ಕರೆಯಲಿ, ಮರಳುವಾಗ ಆ ಹುಡುಗಿಯ ಚೀಲ ಹಿಡಿದು ಬಸ್ಸಿನವರೆಗೆ ಜೊತೆಗೆ ನಡೆಯಲಿ.

ಎರಡೂ ಮಕ್ಕಳ ತಾಯಂದಿರನ್ನು ಸಭೆಗೆ ಮೊದಲೇ, ಬೇರೆ ಬೇರೆಯಾಗಿ, ಒಮ್ಮೆ ಭೇಟಿ ಮಾಡಿ. ಸಭೆಯಲ್ಲಿ ಮಕ್ಕಳು ಇರದಂತೆ ನೋಡಿಕೊಳ್ಳಿ. ಅಲ್ಲಿ ಏನು ತೀರ್ಮಾನವಾಯಿತು ಎಂದು ಬರೆಯಿರಿ, ಕ್ಲಬ್ಬಿನ ಲಿಖಿತ ನಿಯಮಗಳ ಪ್ರತಿ ಸಿಕ್ಕರೆ ಅದನ್ನೂ ಕಳುಹಿಸಿ.